ಮೂರು ಗಂಟೆ ಆಟಕ್ಕೆ ಇಷ್ಟೊಂದು ದುಡ್ಡಾ? - ಯಕ್ಷಗಾನ ಕಲಾವಿದರ ಒಂದು ವರ್ಷ



ಅಮೆರಿಕಕ್ಕೆ ಯಕ್ಷಗಾನ ಕಲಾವಿದರನ್ನು ಕರೆಸುವ ಮಾತು ಬಂದಾಗಲೆಲ್ಲ ನಮ್ಮ ಸಂಘದ ಸಭೆಯಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಇದು. ಕೇಳುವವರೇನೂ ಜಿಪುಣರಲ್ಲ, ನಾವೂ ಮೊದಮೊದಲು ಹಾಗೇ ಅಂದುಕೊಂಡಿದ್ದವರೇ. ಆದರೆ ನಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕೆಲಸದವರು. ಕಾಂಟ್ರಾಕ್ಟ್ ಎಂದರೇನು, ಪ್ರಾಜೆಕ್ಟ್ ಇಲ್ಲದೆ 'ಬೆಂಚ್' ಮೇಲೆ ಕೂರುವುದೆಂದರೇನು ಎಂದು ಬಲ್ಲವರು. ಅದೇ ಲೆಕ್ಕದಲ್ಲಿ ಕಲಾವಿದರ ವರ್ಷವನ್ನು ನೋಡೋಣ.

ಕರಾವಳಿಯ ವೃತ್ತಿ ಮೇಳಗಳು ಸಾಮಾನ್ಯವಾಗಿ ದೀಪಾವಳಿ ಕಳೆದ ಮೇಲೆ, ನವೆಂಬರ್ ಹೊತ್ತಿಗೆ ಹೊರಡುತ್ತವೆ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ಸುಮಾರಿಗೆ ಗೆಜ್ಜೆ ಬಿಚ್ಚುತ್ತವೆ. ಈ ಆರು ತಿಂಗಳಿಗೆ 'ತಿರುಗಾಟ' ಎಂದು ಹೆಸರು. ಕಲಾವಿದರ ಸರ್ವಿಸ್ ಎಣಿಸುವುದೂ ಎಷ್ಟು ತಿರುಗಾಟ ಮುಗಿಸಿದ್ದಾರೆ ಎಂಬುದರಿಂದಲೇ. ಧರ್ಮಸ್ಥಳ, ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳದ್ದು ಹರಕೆ ಆಟ. ಆಡಿಸುವವರು ಖರ್ಚು ವಹಿಸುತ್ತಾರೆ, ಊರವರು ಬಿಟ್ಟಿಯಾಗಿ ನೋಡುತ್ತಾರೆ. ಡೇರೆ ಮೇಳಗಳು ಬೆಳೆದದ್ದು ಟಿಕೆಟ್ ನಂಬಿಕೊಂಡು. ಯಾವುದೇ ಇರಲಿ, ಮೇಳಕ್ಕೆ ಸೇರಿದವರಿಗೆ ಆ ತಿರುಗಾಟದ ಮಟ್ಟಿಗೆ ಗೊತ್ತಾದ ಸಂಬಳವಿರುತ್ತದೆ.

ಇನ್ನು ಕೆಲವರು ಮೇಳ ಬಿಟ್ಟು, ಅಥವಾ ಮೊದಲಿಂದಲೂ ಸೇರದೆ, ಅತಿಥಿ ಕಲಾವಿದರಾಗಿ ಕರೆದಲ್ಲಿಗೆ ಹೋಗುತ್ತಾರೆ. ಇವರಿಗೆ ಆಟವನ್ನೂ ಪಾತ್ರವನ್ನೂ ಆರಿಸಿಕೊಳ್ಳುವ ಸ್ವಾತಂತ್ರ್ಯ ಹೆಚ್ಚು. ಆದರೆ ಆಟವಿದ್ದ ದಿನ ದುಡಿಮೆ, ಇಲ್ಲದ ದಿನ ಸೊನ್ನೆ! ಸಿಕ್ ಲೀವ್ ಇಲ್ಲ, ಪಿ.ಎಫ್. ಇಲ್ಲ. ಕಾಲು ಉಳುಕಿದರೆ ಒಪ್ಪಿಕೊಂಡ ಆಟವೂ ಹೋಯಿತು, ಸಂಭಾವನೆಯೂ ಹೋಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತಿರುಗಾಟ ನಡುವಿನಲ್ಲೇ ನಿಂತಾಗ ಮೇಳದವರೂ ಕಷ್ಟಪಟ್ಟರು. ಹೀಗೆ ಬಿಡಿಯಾಗಿ ದುಡಿಯುವವರಿಗೆ ಕೇಳಲು ಯಜಮಾನರೂ ಇರಲಿಲ್ಲ. ಉಡುಪಿಯ ಯಕ್ಷಗಾನ ಕಲಾರಂಗ, ಮಂಗಳೂರಿನ ಯಕ್ಷಧ್ರುವ ಪಟ್ಲ ಫೌಂಡೇಶನ್‌ನಂಥ ಸಂಸ್ಥೆಗಳು ಕಾಯಿಲೆ, ಮನೆ ಎಂದು ಕಲಾವಿದರಿಗೆ ನೆರವಾಗುತ್ತಿರುವುದು ಇಂಥ ಕಷ್ಟ ಕಂಡೇ.

ಇನ್ನು ಆ 'ಮೂರು ಗಂಟೆ'. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಟ್ಟುಕೊಂಡು ಚೌಕಿಯಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ಆಮೇಲೆ ಭಾರದ ಕಿರೀಟ, ಬಿಗಿದು ಕಟ್ಟಿದ ವೇಷ, ಮಂಡಿಗೆ ಪೆಟ್ಟು ಕೊಡುವ ಧಿಗಿಣ. ಪ್ರಸಂಗದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ. ಮಾತನ್ನು ಕಲಾವಿದರು ರಂಗಸ್ಥಳದಲ್ಲೇ ಕಟ್ಟಬೇಕು. ಅದಕ್ಕೆ ಪುರಾಣ ಓದಿರಬೇಕು, ಎದುರಿನ ವೇಷಧಾರಿ ಎಸೆಯುವ ಪ್ರಶ್ನೆಗೆ ಆ ಕ್ಷಣಕ್ಕೇ ಉತ್ತರ ಹೊಳೆಯಬೇಕು. ಈ ತಯಾರಿಗೆ ಯಾರೂ ಟೈಮ್ ಶೀಟ್ ಬರೆಯುವುದಿಲ್ಲ.

ಮಳೆಗಾಲ ಬಂತೆಂದರೆ ಬಯಲಿನಲ್ಲಿ ಆಟವಿಲ್ಲ. ಅದೇ ಅವರ ಬೆಂಚ್! ಮಾತುಗಾರರಿಗೆ ತಾಳಮದ್ದಳೆಗಳಿರುತ್ತವೆ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗಿ ಕಥೆಯ ಒಂದು ತುಣುಕು ಆಡಿ ತೋರಿಸುತ್ತಾರೆ. ಕೆಲವರು ಶಾಲಾ ಮಕ್ಕಳಿಗೆ ಹೆಜ್ಜೆ ಕಲಿಸುತ್ತಾರೆ. ಉಳಿದವರಿಗೆ ಗದ್ದೆ, ತೋಟ, ಸಿಕ್ಕ ಕೆಲಸ. ವಿದೇಶ ಪ್ರವಾಸಕ್ಕೆ ಬಿಡುವಾಗುವುದೂ ಈ ತಿಂಗಳುಗಳಲ್ಲೇ. ನಮ್ಮ ಬೇಸಿಗೆ ರಜೆ, ಲೇಬರ್ ಡೇ ಹೊತ್ತಿಗೆ ಇಲ್ಲಿ ಚೆಂಡೆ ಕೇಳಿಸುವುದಕ್ಕೆ ಅಲ್ಲಿನ ಮಳೆಯೂ ಕಾರಣ!

ಆದರೆ ವಿಮಾನ ಹತ್ತುವುದು ಸುಲಭವಲ್ಲ. ಪ್ರವಾಸಿ ವೀಸಾದಲ್ಲಿ ಬಂದು ಸಂಭಾವನೆಗೆ ವೇಷ ಕಟ್ಟುವಂತಿಲ್ಲ. ಇಂಥ ಕಲೆಗಳಿಗೆಂದು ಪಿ-3 ವೀಸಾ ಇದೆ. ಅದಕ್ಕೆ ಇಲ್ಲಿಂದ ಕರೆಸುವವರೇ ಮುಂಚಿತವಾಗಿ ಐ-129 ಅರ್ಜಿ ಹಾಕಬೇಕು. ಹೊರದೇಶದ ಕಲಾವಿದರ ಇಲ್ಲಿನ ಗಳಿಕೆಯಲ್ಲಿ ಶೇಕಡಾ 30 ತೆರಿಗೆ ಮುರಿದುಕೊಳ್ಳುವುದು ಸಾಮಾನ್ಯ ನಿಯಮ. ವಿನಾಯಿತಿ ಸಿಗುವುದೇ ಎಂದು ಮೊದಲೇ ವಿಚಾರಿಸಬೇಕು. ಇಷ್ಟೆಲ್ಲ ಆಗುವವರೆಗೂ ಕಲಾವಿದರು ಆ ವಾರಗಳನ್ನು ನಮಗಾಗಿ ಖಾಲಿ ಇಟ್ಟು ಕಾಯುತ್ತಾರೆ.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಒಮ್ಮೆ ಟಿಕೆಟ್ ಸರಿಯಾಗಿ ಹೋಗಲಿಲ್ಲವೆಂದು ಎರಡು ವಾರ ಮೊದಲು ಕಾರ್ಯಕ್ರಮ ರದ್ದು ಮಾಡಿ, ಕ್ಷಮೆ ಕೇಳಿ ಇ-ಮೇಲ್ ಕಳಿಸಿ ಕೈ ತೊಳೆದುಕೊಂಡೆವು. ಆ ದಿನಗಳಿಗೆ ಬಂದಿದ್ದ ತಾಳಮದ್ದಳೆಗಳನ್ನು ಆ ಕಲಾವಿದರು ಬಿಟ್ಟುಕೊಟ್ಟಿದ್ದರೆಂದು ಆಮೇಲೆ ತಿಳಿಯಿತು. ಹಾಲ್‌ನವರು ನಮ್ಮ ಮುಂಗಡ ವಾಪಸ್ ಕೊಡಲಿಲ್ಲ. ಅದು ಕರಾರಿನಲ್ಲೇ ಇತ್ತು, ನಾವು ತಕರಾರು ಮಾಡಲಿಲ್ಲ. ಕಲಾವಿದರ ಜೊತೆ ಮಾತ್ರ ಕರಾರೇ ಇರಲಿಲ್ಲ!

ಹಾಗಾಗಿ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ನಾಲ್ಕು ಸಲಹೆ ಇಡುತ್ತಿದ್ದೇವೆ. ಸಂಭಾವನೆ ಎಷ್ಟೆಂದು ಮೊದಲೇ ಬರೆದುಕೊಡುವುದು. ದಿನಾಂಕ ಗೊತ್ತಾದ ಕೂಡಲೇ ಮೂರರಲ್ಲೊಂದು ಪಾಲು ಮುಂಗಡ ಕಳಿಸುವುದು. ಒಂದು ತಿಂಗಳೊಳಗೆ ನಾವಾಗಿ ರದ್ದು ಮಾಡಿದರೆ ಅರ್ಧ ಸಂಭಾವನೆ ಕೊಡುವುದು. ವಿಮಾನ ಇಳಿದ ಮಾರನೇ ದಿನವೇ ಆಟ ಇಟ್ಟುಕೊಳ್ಳದಿರುವುದು, ಬಣ್ಣಕ್ಕೆ ಕೂರುವ ಮುಂಚೆ ಬಿಸಿ ಊಟ ಕೊಡುವುದು.

ಇದರಿಂದ ಟಿಕೆಟ್ ದರ ಒಂದಿಷ್ಟು ಹೆಚ್ಚಬಹುದು. ಕೊಡಬಹುದೇ, ಬೇಡವೇ, ನೀವೇ ಬಂದು ಹೇಳಿ. ಬರುವಾಗ ಮಕ್ಕಳನ್ನೂ ಕರೆತನ್ನಿ; ನಾವು ಬೆಲೆ ಕಟ್ಟುವ ರೀತಿಯನ್ನು ಅವರೂ ನೋಡಲಿ.