ಸಾಯುವ ಮೀನನ್ನು ಕೆರೆಗೆ ಬಿಡಬೇಡಿ, ಫ್ರೀಜರ್‌ಗೂ ಹಾಕಬೇಡಿ: ನೋವಿಲ್ಲದ ದಾರಿ ಯಾವುದು?

ಸಂಚಿಕೆ ಕೇಳಲು ಮೇಲಿನ ಪ್ಲೇ ಬಟನ್ ಒತ್ತಿ. ಓದುವವರಿಗಾಗಿ ಬರಹ ರೂಪ ಇಲ್ಲಿದೆ.

ಇವತ್ತಿನ ಮಾತು ಅಕ್ವೇರಿಯಂ ಮೀನಿನ ಬಗ್ಗೆ. ಸಾಕೋದು ಹೆಂಗ ಅಂತ ಅಲ್ಲ, ಅದು ಯೂಟ್ಯೂಬ್ ತುಂಬ ಇದೆ. ಸಾಕಿದ ಮೀನು ಇನ್ನು ಉಳಿಯೋದಿಲ್ಲ ಅಂತ ಗೊತ್ತಾದಾಗ ಏನು ಮಾಡಬೇಕು ಅನ್ನೋದು.

ಅಣ್ಣಿಗೇರಿ ಕಡೆಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್ ಇದಕ್ಕೆ ಕಾರಣ. "ನಮ್ಮ ಗೋಲ್ಡ್ ಫಿಶ್ ಹೊಟ್ಟಿ ಉಬ್ಬಿ ನಾಕ್ ದಿನ ಆತ್ರೀ. ತಳದಾಗ ಅಡ್ಡ ಬಿದ್ದೈತಿ, ಉಸಿರಷ್ಟ ಆಡಾಕತ್ತೈತಿ. ಅವ್ವ ಕೆರಿಗೆ ಬಿಟ್ಟ ಬಾ ಅಂತಾಳ, ದೋಸ್ತ ಫ್ರಿಜ್ಜಿನ್ಯಾಗ ಇಡು ಅಂತಾನ. ಏನ್ ಮಾಡ್ಲಿ?"

ಅವ್ವನ ಮಾತಿನಲ್ಲಿ ಕರುಣೆ ಇದೆ, ದೋಸ್ತನ ಮಾತಿನಲ್ಲೂ ಇದೆ. ಆದರೆ ಎರಡೂ ದಾರಿ ತಪ್ಪು. ಯಾಕೆ ಅಂತ ನೋಡೋಣ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಮೀನು ನಿಜವಾಗಿಯೂ ಸಾಯುತ್ತಿದೆಯಾ, ಅಥವಾ ನೀರು ಅದನ್ನು ಸಾಯಿಸುತ್ತಿದೆಯಾ? ನಮ್ಮ ಕಡೆ ಇದು ಬಹಳ ಮುಖ್ಯ. ಮೀನಿನ ಹೊಲಸಿನಿಂದ, ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ನೀರು ಕ್ಷಾರೀಯವಾಗಿದ್ದರೆ, ಜೊತೆಗೆ ಬಿಸಿಯಾಗಿದ್ದರೆ ಅದೇ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ನೆಲದ ಬೋರ್‌ವೆಲ್ಲಿನ ಸವಳು ನೀರು, ಮೇಲೆ ಏಪ್ರಿಲ್-ಮೇ ಬಿಸಿಲು. ಎರಡೂ ಕೂಡಿದರೆ ಗಾಜಿನ ತೊಟ್ಟಿಯೊಳಗೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕ್ರಿ. ಇನ್ನೊಂದು ಸಂಗತಿ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಹೋದರೆ ಅದು ಏಳೂವರೆಗೆ ಇಳಿಯುತ್ತದೆ. ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಇದಕ್ಕೇ.

ಹಾಗಾಗಿ ಮೊದಲ ಕೆಲಸ, ನೀರು ಬದಲಿಸುವುದು. ಪೂರ್ತಿ ಅಲ್ಲ, ಕಾಲು ಭಾಗ ಮಾತ್ರ. ನಳದ ನೀರಾದರೆ ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟು, ಬಿಸಿ-ತಂಪು ಸರಿಹೊಂದಿಸಿ ಹಾಕಿ. ಎರಡು ದಿನ ಆಹಾರ ನಿಲ್ಲಿಸಿ. ಒಣ ಕಾಳು ಜಾಸ್ತಿ ತಿಂದ ಗೋಲ್ಡ್ ಫಿಶ್ ಬೆನ್ನು ಕೆಳಗೆ ಮಾಡಿ ತೇಲುತ್ತದೆ. ನೋಡಿದವರು ಸತ್ತೇ ಹೋಯಿತು ಅನ್ನುತ್ತಾರೆ, ಆದರೆ ಎಷ್ಟೋ ಸಲ ಅದು ಉಪವಾಸದಲ್ಲೇ ಸರಿಹೋಗುತ್ತದೆ. ಮೈಮೇಲೆ ಸಣ್ಣ ಬಿಳಿ ಚುಕ್ಕಿ ಬಂದರೂ ಅದಕ್ಕೆ ಔಷಧಿ ಇದೆ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ.

ಆಸೆ ಬಿಡಬೇಕಾದ ಲಕ್ಷಣಗಳೇ ಬೇರೆ. ಹೊಟ್ಟೆ ಉಬ್ಬಿ, ಮೈಮೇಲಿನ ಹುರುಪೆ ಸೀತಾಫಲದ ಸಿಪ್ಪೆಯ ಹಾಗೆ ಎದ್ದು ನಿಲ್ಲುವುದು ಒಂದು. ಇದಕ್ಕೆ ಡ್ರಾಪ್ಸಿ ಅಂತಾರೆ. ಒಳಗೆ ಕಿಡ್ನಿ ಕೈಕೊಟ್ಟು ನೀರು ತುಂಬಿಕೊಂಡಿರುತ್ತದೆ, ಈ ಹಂತದಿಂದ ವಾಪಸ್ ಬರುವ ಮೀನು ಬಹಳ ಕಡಿಮೆ. ದಿನಗಟ್ಟಲೆ ಅಡ್ಡ ಬಿದ್ದು ನೆಟ್ಟಗಾಗಲು ಆಗದಿರುವುದು, ಬಾಲ ಕೊಳೆಯುತ್ತಾ ಮೈವರೆಗೆ ಬಂದಿರುವುದು, ಆಳವಾದ ಹುಣ್ಣು. ನೀರು ಸರಿಮಾಡಿ ಮೂರು ದಿನವಾದರೂ ಇವು ಹಾಗೇ ಇದ್ದು, ಮೀನು ಏನೂ ತಿನ್ನುತ್ತಿಲ್ಲ ಅಂದ್ರೆ, ಅದನ್ನು ಹೇಗೆ ಕಳಿಸಿಕೊಡಬೇಕು ಅಂತ ಯೋಚಿಸುವ ಸಮಯ.

"ಮೀನಿಗೆಲ್ಲಿ ನೋವು ಗೊತ್ತಾಗ್ತೈತಿ ಬಿಡ್ರಿ" ಅನ್ನುವವರು ಇದ್ದಾರೆ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಜೊತೆಗಾರರು ರೇನ್‌ಬೋ ಟ್ರೌಟ್ ಮೀನಿನ ತಲೆ ಭಾಗದಲ್ಲಿ ನೋವು ಗ್ರಹಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಉರಿಯುವ ದ್ರವ ಚುಚ್ಚಿದಾಗ ಆ ಮೀನುಗಳು ಆಹಾರ ಬಿಟ್ಟವು, ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡವು. ಅದು ನಮ್ಮಂಥದ್ದೇ ನೋವಾ ಅನ್ನುವ ಚರ್ಚೆ ಇನ್ನೂ ನಡೆದಿದೆ. ಆದರೆ ಪಶುವೈದ್ಯರು ಚರ್ಚೆ ಮುಗಿಯಲಿ ಅಂತ ಕಾಯುತ್ತಿಲ್ಲ, ನೋವಿದೆ ಅಂತಲೇ ಇಟ್ಟುಕೊಂಡು ನಡೆಯುತ್ತಾರೆ. ನಮ್ಮ ಕಾನೂನೂ ಹಾಗೇ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಅಂದ್ರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಮೀನೂ ಅದರಲ್ಲಿ ಬಂತು.

ಈಗ ಕೆರೆ ವಿಷಯಕ್ಕೆ ಬರೋಣ. ನವಲಗುಂದದವರಿಗೆ ನೀಲಮ್ಮನ ಕೆರೆ ಅಂದ್ರೆ ಕುಡಿಯುವ ನೀರು. ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಕೆರೆ ಅಂದ್ರೆ ಅದೇ ಅರ್ಥ. ರೋಗ ಬಿದ್ದ ಮೀನನ್ನು ಅಲ್ಲಿ ಬಿಟ್ಟರೆ ಅದು ಬದುಕುವುದಿಲ್ಲ. ಈಜಲಾರದೆ ಕೊಕ್ಕರೆಯ ಬಾಯಿಗೆ ಹೋಗುತ್ತದೆ, ಅದರ ರೋಗ ಕೆರೆಯ ಮೀನಿಗೆ ದಾಟಬಹುದು. ಗಟ್ಟಿ ಮೀನು ಬಿಟ್ಟರಂತೂ ಇನ್ನೂ ಕಷ್ಟ. ಗಾಜು ಕ್ಲೀನ್ ಮಾಡುತ್ತದೆ ಅಂತ ಅಂಗಡಿಯಲ್ಲಿ ಕೊಡುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಅಕ್ವೇರಿಯಂನಿಂದ ಹೊರಗೆ ಹೋಗಿ ಭಾರತದ ಹಲವು ಕೆರೆ, ನದಿಗಳಲ್ಲಿ ಈಗ ಬೇರೂರಿದೆ. ಮುಳ್ಳಿನಿಂದ ಬಲೆ ಹರಿಯುತ್ತದೆ, ತಿನ್ನುವವರಿಲ್ಲ, ಮೀನುಗಾರರಿಗೆ ದೊಡ್ಡ ತಲೆನೋವು.

ಫ್ರೀಜರ್ ಯಾಕೆ ಬೇಡ? ಗೋಲ್ಡ್ ಫಿಶ್ ಮೂಲತಃ ತಂಪು ನೀರಿನ ಮೀನು. ನೀರು ನಿಧಾನವಾಗಿ ತಣ್ಣಗಾದರೆ ಅದು ಬೇಗ ಸಾಯುವುದಿಲ್ಲ, ಒದ್ದಾಡುತ್ತಾ ಉಳಿಯುತ್ತದೆ. ನೀರಿನಿಂದ ಹೊರಗಿಟ್ಟರೆ? ಅದೂ ಅಷ್ಟೇ. ಫೈಟರ್ ಮೀನಿಗೆ ಗಾಳಿಯನ್ನೇ ಉಸಿರಾಡುವ ಅಂಗ ತಲೆಯಲ್ಲಿದೆ, ಹಾಗಾಗಿ ಹೊರಗೆ ಬಿದ್ದರೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಗೋಲ್ಡ್ ಫಿಶ್ಶಂತೂ ಆಮ್ಲಜನಕ ಇಲ್ಲದ ತಣ್ಣನೆ ನೀರಿನಲ್ಲಿ ತನ್ನ ದೇಹದೊಳಗೇ ಆಲ್ಕೋಹಾಲ್ ತಯಾರಿಸಿಕೊಂಡು ಬದುಕುವ ಪ್ರಾಣಿ. ಅದು ಹೇಗೆ ಸಾಧ್ಯ ಅಂತ ಓಸ್ಲೋ ಮತ್ತು ಲಿವರ್‌ಪೂಲ್‌ನ ಸಂಶೋಧಕರು 2017ರಲ್ಲಿ ವಿವರಿಸಿದರು. ಇಂಥ ಗಟ್ಟಿ ಜೀವವನ್ನು ಉಸಿರುಗಟ್ಟಿಸಿ ಬೇಗ ಕಳಿಸುತ್ತೇನೆ ಅನ್ನುವುದು ಆಗದ ಮಾತು. ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡುವುದು, ಗಟಾರಕ್ಕೆ ಎಸೆಯುವುದು, ಬಿಸಿ ನೀರು, ಸೋಡಾ. ಇವುಗಳ ಬಗ್ಗೆ ಮಾತೇ ಬೇಡ.

ಹಾಗಾದ್ರೆ ದಾರಿ? ಹಲ್ಲುನೋವಿಗೆ ಅಂತ ಮೆಡಿಕಲ್ ಶಾಪ್‌ನಲ್ಲಿ ಕೊಡುವ ಲವಂಗದ ಎಣ್ಣೆ. ಅದರಲ್ಲಿರುವ ಯೂಜಿನಾಲ್ ಅನ್ನುವ ಅಂಶ ಮೀನಿಗೆ ಅರಿವಳಿಕೆಯ ಹಾಗೆ ಕೆಲಸ ಮಾಡುತ್ತದೆ. ಕಡಿಮೆ ಹಾಕಿದರೆ ನಿದ್ದೆ, ಜಾಸ್ತಿ ಹಾಕಿದರೆ ಆ ನಿದ್ದೆಯಲ್ಲೇ ಉಸಿರು ನಿಲ್ಲುತ್ತದೆ. ಅಮೆರಿಕದ ಪಶುವೈದ್ಯ ಸಂಘದ ಮಾರ್ಗಸೂಚಿಯಲ್ಲೂ ಯೂಜಿನಾಲ್ ಹೆಸರಿದೆ. ಬಾಟಲಿ ಮೇಲೆ ಬರೇ ಲವಂಗದ ಎಣ್ಣೆ ಅಂತಿರಬೇಕು, ಬೇರೆ ಎಣ್ಣೆ ಬೆರೆಸಿದ್ದು ಬೇಡ. ಮನೆಯಲ್ಲಿ ಲವಂಗ ಕುದಿಸಿದ ನೀರು ಸಾಲದು, ಎಷ್ಟು ಔಷಧ ಇಳಿದಿದೆ ಅಂತ ತಿಳಿಯುವುದಿಲ್ಲ.

ಆ ಮೀನಿನದೇ ತೊಟ್ಟಿಯ ಒಂದು ಲೀಟರ್ ನೀರನ್ನು ಪಾತ್ರೆಗೆ ತೆಗೆದು ಮೀನನ್ನು ಅದರಲ್ಲಿ ಬಿಡಿ. ಮತ್ತೆ ಅಡಿಗೆಗೆ ಬಳಸದ ಪಾತ್ರೆ ಇರಲಿ. ಎಣ್ಣೆ ನೀರಿನಲ್ಲಿ ಸುಮ್ಮನೆ ಕರಗುವುದಿಲ್ಲ, ಮೇಲೆ ತೇಲುತ್ತದೆ. ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ನಾಲ್ಕೈದು ಹನಿ ಎಣ್ಣೆ ಬಿಟ್ಟು, ಹಾಲಿನ ಬಣ್ಣ ಬರುವವರೆಗೆ ಜೋರಾಗಿ ಕುಲುಕಿ. ಅದನ್ನು ಸ್ವಲ್ಪ ಸ್ವಲ್ಪವೇ, ನಾಲ್ಕೈದು ನಿಮಿಷದಲ್ಲಿ ಪಾತ್ರೆಗೆ ಸೇರಿಸಿ. ಇಲ್ಲಿ ಅವಸರ ಮಾಡಬೇಡಿ. ಒಮ್ಮೆಲೇ ಸುರಿದರೆ ಮೀನು ಗಾಬರಿ ಬೀಳುತ್ತದೆ. ನಿಧಾನಕ್ಕೆ ಅದು ವಾಲುತ್ತದೆ, ಮಲಗುತ್ತದೆ. ಬೆರಳಿನಿಂದ ಬಾಲ ಮುಟ್ಟಿದರೂ ಅಲುಗುತ್ತಿಲ್ಲ ಅಂತಾದ ಮೇಲೆ ಎರಡನೇ ಡೋಸ್: ಅರ್ಧ ಎಂಎಲ್ ಎಣ್ಣೆ, ಹಾಗೇ ಕುಲುಕಿ ಹಾಕಿ. ಅಳೆಯಲು ಸೂಜಿ ಇಲ್ಲದ ಸಿರಿಂಜ್ ಸಾಕು. ಕಿವಿರು ಆಡುವುದು ನಿಂತ ಮೇಲೂ ಅರ್ಧ ಗಂಟೆ ಅಲ್ಲೇ ಬಿಡಿ. ಮೀನಿನ ಹೃದಯ ಕಿವಿರು ನಿಂತ ಮೇಲೂ ಬಡಿಯುತ್ತಿರುತ್ತದೆ. ಬೇಗ ತೆಗೆದು ಒಳ್ಳೆ ನೀರಿಗೆ ಹಾಕಿದರೆ ಎಚ್ಚರ ಆಗಲೂಬಹುದು.

ಇದು ಬೆರಳುದ್ದದ, ಅಂಗೈ ಉದ್ದದ ಮೀನಿಗೆ. ದೊಡ್ಡ ಮೀನಾದರೆ ಪಶುವೈದ್ಯರನ್ನು ಕೇಳಿ. ಸರ್ಕಾರದ 1962 ನಂಬರ್ ಇರುವುದು ಮುಖ್ಯವಾಗಿ ದನ-ಕರುಗಳಿಗೆ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಡಾಕ್ಟರೂ ದಿನಾ ನೋಡುವುದು ಎಮ್ಮೆ, ಆಕಳು, ಕುರಿಗಳನ್ನೇ. ಆದರೂ ಕೇಳೋದರಲ್ಲಿ ತಪ್ಪೇನಿಲ್ಲ.

ಕೊಲ್ಲುವುದು ನಮ್ಮ ಮನೆಯಲ್ಲಿ ಆಗದ ಮಾತು ಅನ್ನುವವರು ಬಹಳ ಜನ ಇದ್ದಾರೆ. ಅದನ್ನು ಹಗುರವಾಗಿ ನೋಡಬಾರದು. ಆದರೆ ಕೊಲ್ಲುವುದಿಲ್ಲ ಅಂತ ಹೇಳಿ ಮೀನಿನ ಕಡೆ ನೋಡದೇ ಇರುವುದು ಬೇರೆ, ಕೊನೆಯವರೆಗೆ ಜೊತೆಗಿರುವುದು ಬೇರೆ. ಎರಡನೆಯದು ಕೆಲಸ ಬೇಡುತ್ತದೆ. ಬೇರೆ ಮೀನುಗಳು ಕಚ್ಚದ ಹಾಗೆ ಪ್ರತ್ಯೇಕ ಟಬ್. ಮೇಲೆ ಬರಲು ಕಷ್ಟ ಆಗಬಾರದು ಅಂತ ಒಂದು ಗೇಣಿಗಿಂತ ಕಡಿಮೆ ನೀರು. ಲೀಟರಿಗೆ ಒಂದು ಗ್ರಾಂ ಉಪ್ಪು, ಮೇಲೆ ಅರ್ಧ ಮುಚ್ಚಿದ ಬಟ್ಟೆ, ಮಂದ ಬೆಳಕು. ದಿನಾ ಸ್ವಲ್ಪ ನೀರು ಬದಲಿಸಬೇಕು. ಕರೆಂಟ್ ಹೋದರೆ ಲೋಟದಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಹುಯ್ಯಿರಿ, ಗಾಳಿ ಸೇರುತ್ತದೆ. ಇಷ್ಟು ಮಾಡಿದರೂ ಡ್ರಾಪ್ಸಿಯ ಮೀನು ವಾರಗಟ್ಟಲೆ ನರಳಬಹುದು. ನನ್ನನ್ನು ಕೇಳಿದರೆ ಲವಂಗದ ಎಣ್ಣೆಯೇ ಮೇಲು. ತೀರ್ಮಾನ ನಿಮ್ಮದು.

ಸತ್ತ ಮೀನನ್ನು ಬಾವಿ, ಬೋರ್‌ವೆಲ್‌ನಿಂದ ದೂರ, ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಬೆಕ್ಕಿಗೆ ಹಾಕಬೇಡಿ, ಲವಂಗದ ಎಣ್ಣೆ ಬೆಕ್ಕಿಗೆ ವಿಷ. ಆ ಪಾತ್ರೆಯ ನೀರನ್ನು ಬಯಲು ಮಣ್ಣಿಗೆ ಚೆಲ್ಲಿ, ತೊಟ್ಟಿಗೆ ವಾಪಸ್ ಹಾಕಬೇಡಿ. ಬಲೆ, ಟಬ್ ತೊಳೆದು ಬಿಸಿಲಿಗೆ ಒಣಗಿಸಿ. ತೊಟ್ಟಿಯಲ್ಲಿ ಬೇರೆ ಮೀನುಗಳಿದ್ದರೆ ಎರಡು-ಮೂರು ವಾರ ಹೊಸ ಮೀನು ತರಬೇಡಿ. ಅವುಗಳ ಹುರುಪೆ ಮೇಲೆ ಕಣ್ಣಿಟ್ಟಿರಿ, ಎದ್ದು ನಿಲ್ಲುತ್ತಿವೆಯಾ ಅಂತ ದಿನಾ ಬೆಳಿಗ್ಗೆ ಮೇಲಿನಿಂದ ನೋಡಿ. ಪಕ್ಕದಿಂದ ನೋಡಿದರೆ ಬೇಗ ಗೊತ್ತಾಗುವುದಿಲ್ಲ.