ಅಮೆರಿಕದ ರಾಜ್ಯಗಳ ಅಂಚೆಚೀಟಿಗಳು



ಅಂಚೆಚೀಟಿ ಕೂಡಿಡುವುದು ನನ್ನ ಹವ್ಯಾಸ ಅಂತ ನಿಮಗೆಲ್ಲ ಗೊತ್ತೇ ಇದೆ. ಈ ಸಲ ನಮ್ಮ ಗೋಡೆ ಪತ್ರಿಕೆಯಲ್ಲಿ ಒಂದೇ ಬಗೆಯ ಚೀಟಿಗಳ ಬಗ್ಗೆ ಬರೆಯುತ್ತೇನೆ. ಅವು ಅಮೆರಿಕದ 50 ರಾಜ್ಯಗಳ ಹೆಸರಿನಲ್ಲಿ ಬಂದ ಚೀಟಿಗಳು.

ನನಗೆ ಇವು ಸಿಕ್ಕಿದ್ದು ಪಕ್ಕದ ಮನೆ ಅಜ್ಜಿಯಿಂದ. ಅಜ್ಜಿಯ ತಮ್ಮ 1982ರಿಂದ 1984ರವರೆಗೆ ಅಮೆರಿಕದಲ್ಲಿ ಓದುತ್ತಿದ್ದರಂತೆ. ಅವರು ಈಗಿಲ್ಲ. ಅಕ್ಕನಿಗೆ ಬರೆದ ಒಂಬತ್ತು ಕಾಗದಗಳು ಟ್ರಂಕಿನಲ್ಲಿವೆ. ಆಗ ಅಲ್ಲಿಂದ ನಮ್ಮ ದೇಶಕ್ಕೆ ವಿಮಾನದಲ್ಲಿ ಬರುವ ಹಗುರವಾದ ಕಾಗದಕ್ಕೆ 40 ಸೆಂಟು. ಅವರು 20 ಸೆಂಟಿನ ಎರಡೆರಡು ಚೀಟಿ ಅಂಟಿಸಿದ್ದಾರೆ. ಹಾಗಾಗಿ ಒಂದೊಂದು ಕವರಿನ ಮೇಲೂ ಎರಡು ಹಕ್ಕಿ!

ಹಕ್ಕಿ ಯಾಕೆ ಅಂತೀರಾ? ನಮ್ಮ ರಾಜ್ಯಕ್ಕೆ ನೀಲಕಂಠ ಹಕ್ಕಿ, ತಾವರೆ ಹೂವು ಇರುವ ಹಾಗೆ ಅಲ್ಲಿನ ಪ್ರತಿ ರಾಜ್ಯಕ್ಕೂ ಒಂದು ಹಕ್ಕಿ, ಒಂದು ಹೂವು ಇದೆ. 1982ರ ಏಪ್ರಿಲ್ 14ರಂದು (ನಮಗೆ ಅಂಬೇಡ್ಕರ್ ಜಯಂತಿಯ ದಿನ) ಅಮೆರಿಕದ ಅಂಚೆ ಇಲಾಖೆ ಇವನ್ನೆಲ್ಲ ಒಂದೇ ಹಾಳೆಯಲ್ಲಿ ಹೊರತಂದಿತು. ಒಂದು ಹಾಳೆಗೆ 50 ಚೀಟಿ, ಹಾಳೆಯ ಬೆಲೆ 10 ಡಾಲರು. ಹಕ್ಕಿಗಳನ್ನು ಬರೆದವರು ಆರ್ಥರ್ ಸಿಂಗರ್, ಹೂವುಗಳನ್ನು ಬರೆದವರು ಅವರ ಮಗ ಅಲನ್ ಸಿಂಗರ್. ಅಪ್ಪ ಮಗ ಸೇರಿ ಐವತ್ತು ಚಿತ್ರ ಬರೆದಿದ್ದಾರೆ ನೋಡಿ.

ಅವರಿಗೆ ಒಂದು ಕಷ್ಟವೂ ಇತ್ತು. ರಾಜ್ಯ ಐವತ್ತಾದರೂ ಹಕ್ಕಿ ಐವತ್ತು ಬಗೆ ಇಲ್ಲ. ಕಾರ್ಡಿನಲ್ ಎಂಬ ಜುಟ್ಟಿನ ಕೆಂಪು ಹಕ್ಕಿಯನ್ನು ಏಳು ರಾಜ್ಯಗಳು ಆರಿಸಿಕೊಂಡಿವೆ. ಇಲಿನಾಯ್, ಇಂಡಿಯಾನಾ, ಕೆಂಟಕಿ, ಒಹಾಯೊ, ವರ್ಜೀನಿಯಾ, ಪಶ್ಚಿಮ ವರ್ಜೀನಿಯಾ, ಉತ್ತರ ಕೆರೊಲಿನಾ. ಹೂವು ನೋಡಿ ಗುರುತು ಹಿಡಿಯೋಣ ಅಂದರೆ ವರ್ಜೀನಿಯಾಕ್ಕೂ ಉತ್ತರ ಕೆರೊಲಿನಾಕ್ಕೂ ಹೂವೂ ಒಂದೇ, ಡಾಗ್‌ವುಡ್! ಅದೇ ಹಕ್ಕಿ, ಅದೇ ಹೂವು. ಆದರೂ ಎರಡು ಬೇರೆ ಬೇರೆ ಚಿತ್ರ ಬರೆಯಬೇಕಾಯಿತು. ಯೂಟಾ ರಾಜ್ಯದ ಹಕ್ಕಿಯ ಹೆಸರು 'ಕ್ಯಾಲಿಫೋರ್ನಿಯಾ ಗಲ್'. ಡೆಲವೇರ್ ಮತ್ತು ರೋಡ್ ಐಲೆಂಡ್ ರಾಜ್ಯಗಳಂತೂ ಮನೆಯಲ್ಲಿ ಸಾಕುವ ಕೋಳಿಯನ್ನೇ ರಾಜ್ಯದ ಹಕ್ಕಿ ಮಾಡಿಕೊಂಡಿವೆ. ಇದನ್ನು ಹೇಳಿದಾಗ ನಮ್ಮಮ್ಮ ಬಹಳ ನಕ್ಕರು.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ಅಲಾಸ್ಕ ಅಮೆರಿಕದ ಅತಿ ದೊಡ್ಡ ರಾಜ್ಯ, ರೋಡ್ ಐಲೆಂಡ್ ಅತಿ ಚಿಕ್ಕದು. ಭೂಪಟದಲ್ಲಿ ರೋಡ್ ಐಲೆಂಡನ್ನು ಬೆರಳಿಟ್ಟು ಹುಡುಕಬೇಕು. ಆದರೆ ಚೀಟಿಯಲ್ಲಿ ಎರಡಕ್ಕೂ ಒಂದೇ ಅಳತೆ, ಒಂದೇ ಬೆಲೆ.

ಇದಕ್ಕೂ ಮೊದಲು 1976ರ ಫೆಬ್ರವರಿಯಲ್ಲಿ, ಅಮೆರಿಕ ಸ್ವತಂತ್ರವಾಗಿ 200 ವರ್ಷ ತುಂಬಿದ ನೆನಪಿಗೆ, 50 ರಾಜ್ಯಗಳ ಬಾವುಟಗಳ ಚೀಟಿ ಬಂದಿದ್ದವು. ತಲಾ 13 ಸೆಂಟು. ಅದರಲ್ಲಿ ಅಕ್ಷರಮಾಲೆಯ ಕ್ರಮ ಇಲ್ಲ. ಒಕ್ಕೂಟಕ್ಕೆ ಯಾರು ಮೊದಲು ಸೇರಿದರೋ ಅವರು ಮೊದಲು. ಹಾಗಾಗಿ 1787ರ ಡೆಲವೇರ್ ಮೊದಲನೆಯದು, 1959ರ ಹವಾಯಿ ಕೊನೆಯದು. 2002ರ ಏಪ್ರಿಲ್‌ನಲ್ಲಿ ಹಳೇ ಕಾಲದ ಪಿಕ್ಚರ್ ಕಾರ್ಡಿನ ಹಾಗೆ ದಪ್ಪ ಅಕ್ಷರಗಳ ಚೀಟಿ ಬಂದವು, 34 ಸೆಂಟಿನವು. ಜೂನ್ ಕೊನೆಗೆ ದರ 37 ಸೆಂಟು ಆಯಿತು. ಅದಕ್ಕೆ ಅಕ್ಟೋಬರಿನಲ್ಲಿ ಅವೇ ಐವತ್ತನ್ನೂ ಹೊಸ ಬೆಲೆ ಹಾಕಿ ಮತ್ತೆ ಅಚ್ಚು ಮಾಡಿದರು. ಪೂರ್ತಿ ಕೂಡಿಸುವವರಿಗೆ ಐವತ್ತರ ಬದಲು ನೂರು ಬೇಕು!

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಚೀಟಿ ಬಿಡಿಸುವುದು ಹೇಗೆ ಅಂತ ನಿಮಗೆ ಗೊತ್ತಿರಬಹುದು. ಸುತ್ತ ಒಂದು ಬೆರಳಗಲ ಕವರು ಬಿಟ್ಟು ಕತ್ತರಿಸಬೇಕು. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರಿನ ತಟ್ಟೆಯಲ್ಲಿ ಇಡಬೇಕು. ಸ್ವಲ್ಪ ಹೊತ್ತಿಗೆ ಅಂಟು ಕರಗಿ ತಾನೇ ಜಾರುತ್ತದೆ. ಎಳೆಯಬಾರದು, ಎಳೆದರೆ ಹಿಂದಿನ ಕಾಗದ ಸುಲಿದು ಬರುತ್ತದೆ. ಆಮೇಲೆ ಮುಖ ಕೆಳಗೆ ಮಾಡಿ ಒಣಗಿಸಿ, ದಪ್ಪ ಪುಸ್ತಕದೊಳಗೆ ಒಂದು ರಾತ್ರಿ ಇಟ್ಟರೆ ಚಪ್ಪಟೆ ಆಗುತ್ತದೆ. ಬಣ್ಣದ ಕವರನ್ನು ಮಾತ್ರ ನೆನೆಸಬೇಡಿ, ಬಣ್ಣ ಬಿಡುತ್ತದೆ. ಈಚಿನ ಸ್ಟಿಕ್ಕರ್ ಥರದ ಚೀಟಿಗಳಲ್ಲಿ ಎಷ್ಟೋ ನೀರಿಗೆ ಬಿಡುವುದೇ ಇಲ್ಲ.

ನಾನು ಇದೆಲ್ಲ ಸರಿಯಾಗೇ ಮಾಡಿದೆ. ಮೂರು ಕವರು ಕತ್ತರಿಸಿ ಆರು ಚೀಟಿ ಬಿಡಿಸಿದೆ. ಉಳಿದ ಚೂರುಗಳು ನೀರೊಲೆಗೆ ಹೋದವು. ಸಂಜೆ ಅಜ್ಜಿ ಬಂದು, "ಮಗಾ, ಈ ಕಾಗದ ಯಾವ ವರ್ಷದ್ದು ನೋಡಿ ಹೇಳು" ಅಂದರು. ಕಾಗದದ ಒಳಗೆ ನೋಡಿದೆ. ಮೇಲೆ 'ಕ್ಷೇಮ', ಪಕ್ಕದಲ್ಲಿ 'ಶುಕ್ರವಾರ', ಅಷ್ಟೇ. ತಾರೀಖು ಇದ್ದದ್ದು ಅಂಚೆಯ ಮುದ್ರೆಯಲ್ಲಿ. ಆ ಕವರುಗಳಲ್ಲಿ ಊರು, ತಾರೀಖು ಇರುವ ದುಂಡನೆಯ ಮುದ್ರೆ ಚೀಟಿಯ ಎಡಕ್ಕೆ ಖಾಲಿ ಜಾಗದಲ್ಲಿ ಬಿದ್ದಿತ್ತು. ಚೀಟಿಯ ಮೇಲೆ ಬಂದಿದ್ದು ಅಲೆಯಂಥ ಗೆರೆ ಮಾತ್ರ. ನಾನು ಗೆರೆ ಉಳಿಸಿಕೊಂಡು ತಾರೀಖನ್ನು ಒಲೆಗೆ ಹಾಕಿದ್ದೆ.

ಅಜ್ಜಿ ಬೈಯಲಿಲ್ಲ. "ಹೋಗ್ಲಿ ಬಿಡು, ಉಳಿದವಾದ್ರೂ ಹಾಗೇ ಇರ್ಲಿ" ಅಂದರು. ಇಬ್ಬರೂ ಕೂತು ಮೂರೂ ಕಾಗದ ಓದಿದೆವು. ಒಂದರಲ್ಲಿ ಹಿಮ ಬಿದ್ದ ಸುದ್ದಿ ಇದೆ, ಅದು ಚಳಿಗಾಲದ್ದು. ಆದರೆ ಯಾವ ವರ್ಷದ ಚಳಿಗಾಲವೋ! ಇನ್ನೆರಡು ಗೊತ್ತಾಗಲಿಲ್ಲ.

ಉಳಿದ ಆರು ಕವರುಗಳನ್ನು ಮುಟ್ಟಿಲ್ಲ. ಮುದ್ರೆ ಸಮೇತ ಇಡೀ ಕವರನ್ನೇ ಕೂಡಿಡುವವರೂ ಇದ್ದಾರೆ ಅಂತ ಮೇಷ್ಟ್ರು ಆಮೇಲೆ ಹೇಳಿದರು. ಈಗ ಅವುಗಳ ಊರು, ತಾರೀಖು, ಹಕ್ಕಿಯ ಹೆಸರು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕವರುಗಳನ್ನು ಅಜ್ಜಿಯ ಟ್ರಂಕಿಗೇ ವಾಪಸ್ ಇಟ್ಟಿದ್ದೇನೆ. ಒಂಬತ್ತು ಕವರೂ ಸೇರಿ 17 ರಾಜ್ಯ ನೋಡಿದ ಹಾಗಾಯಿತು, 33 ಬಾಕಿ.

ನನ್ನ ಹತ್ತಿರ ಬಿಡಿಸಿದ ಒಹಾಯೊ ಎರಡು ಇವೆ. ಯಾರಿಗಾದರೂ ಬೇಕಿದ್ದರೆ ಬೇರೆ ಯಾವುದಾದರೂ ರಾಜ್ಯದ ಚೀಟಿಗೆ ಬದಲಾಯಿಸಿಕೊಳ್ಳೋಣ. ಮನೆಯಲ್ಲಿ ಹಳೇ ಕವರು ಇದ್ದರೆ ಕತ್ತರಿಸದೆ ಹಾಗೇ ತನ್ನಿ, ಮೊದಲು ಒಳಗಿನ ಕಾಗದದಲ್ಲಿ ತಾರೀಖು ಇದೆಯೋ ನೋಡೋಣ.