ಸವೆದ ನಾಣ್ಯದಲ್ಲಿ ಜೋಡಿ ಅಚ್ಚಿನ ಗುರುತು

ಭಕ್ತರ ಮನೆಯೊಂದರಲ್ಲಿ ಹಿರಿಯರು, ಅಮೆರಿಕದಲ್ಲಿರುವ ಮಗನು ತಂದಿದ್ದ 1955ರ ಸವೆದ ಸೆಂಟ್ ನಾಣ್ಯವನ್ನು ನಮ್ಮ ಮುಂದಿರಿಸಿ, “ಶಾಸ್ತ್ರಿಗಳೆ, ಇದರ ಇಸವಿ ಎರಡೆರಡಾಗಿ ಕಾಣುತ್ತದೆ. ಲಕ್ಷ ರೂಪಾಯಿ ಬೆಲೆಯಂತೆ. ಇದನ್ನು ನಂಬಿ ಸಾಲದವರಿಗೆ ಮಾತು ಕೊಡಬಹುದೆ?” ಎಂದು ಕೇಳಿದರು.

ಆ ವರ್ಷ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅಚ್ಚೊಂದರ ಮೇಲೆ ಮೂಲಮುದ್ರೆಯನ್ನು ಎರಡನೆಯ ಬಾರಿ ಒತ್ತುವಾಗ ಅದು ತುಸು ತಿರುಗಿದ್ದುದು ನಿಜ. ಆ ಅಚ್ಚಿನಿಂದಾದ 20,000ಕ್ಕೂ ಹೆಚ್ಚು ನಾಣ್ಯಗಳು ಉಳಿದವುಗಳೊಡನೆ ಬೆರೆತು ಚಲಾವಣೆಗೆ ಹೋದವು. ಅವುಗಳಲ್ಲಿ ಇಸವಿಯ ನಾಲ್ಕು ಅಂಕಿಗಳೂ, ‘ಲಿಬರ್ಟಿ’ ಎಂಬ ಪದವೂ, ಲಿಂಕನ್ನರ ತಲೆಯ ಮೇಲಣ ದೇವವಾಕ್ಯವೂ ಜೋಡಿಯಾಗಿರುತ್ತವೆ. ಹಿಂಬದಿಯಲ್ಲಿ ಮಾತ್ರ ಜೋಡಿಯಿಲ್ಲ. ಎಡೆ ಅಗಲವಾದುದರಿಂದ ಸವೆದ ಮೇಲೂ ಬರಿಗಣ್ಣಿಗೆ ಕಾಣುತ್ತದೆ.

ಮೋಸಹೋಗುವುದು ಬೇರೆಡೆ. ಒತ್ತುವ ಗಳಿಗೆಯಲ್ಲಿ ಅಚ್ಚು ಅದುರಿದರೆ ಅಕ್ಷರದ ಅಂಚು ಚಪ್ಪಟೆಯಾಗಿ ತಗ್ಗಾದ ಮೆಟ್ಟಿಲಿನಂತಾಗುತ್ತದೆ, ಅಕ್ಷರವು ತೆಳುವಾಗುತ್ತದೆ. ನಿಜವಾದ ಜೋಡಿಯಲ್ಲಿ ಎರಡನೆಯ ರೂಪವೂ ದುಂಡಗೆ ಉಬ್ಬಿರುತ್ತದೆ, ಅಕ್ಷರವು ಅಗಲವಾಗುತ್ತದೆ, ಮೂಲೆಗಳಲ್ಲಿ ಸೀಳು ತೋರುತ್ತದೆ. ಸವೆತವು ಮೊದಲು ಅಕ್ಷರದ ನೆತ್ತಿಯನ್ನು ತಿನ್ನುವುದರಿಂದ ಬುಡವನ್ನೇ ಭೂತಗನ್ನಡಿಯಲ್ಲಿ, ಬೆಳಕನ್ನು ಓರೆಯಾಗಿಸಿ ನೋಡಬೇಕು.

ಹಾಗೆ ನೋಡಿದೆವು. ಕಡೆಯ ಐದು ಮಾತ್ರ ಎರಡಾಗಿತ್ತು, ಉಳಿದುದೆಲ್ಲ ಒಂಟಿ. ಇದು ಅಚ್ಚು ಸವೆದು ಹುಟ್ಟಿದ ಛಾಯೆ. ಅಲ್ಲಿಯವರೇ ಅದನ್ನು ಬಡವರ ಜೋಡಿ ಅಚ್ಚು ಎಂದು ಕರೆಯುತ್ತಾರೆ, ಬೆಲೆ ಅತ್ಯಲ್ಪ.

“ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಇನ್ನಷ್ಟು ಕಂಡೀತೆ?” ಎಂದು ಒಳಗಿನಿಂದ ತಾಯಿಯವರು ಕೇಳಿದರು. ಬೇಡವೆಂದೆವು, ತಿಕ್ಕಿದ ತಾಮ್ರದ ನಾಣ್ಯಕ್ಕೆ, ಅದು ಅಸಲಿಯಾಗಿದ್ದರೂ, ಬೆಲೆ ಕುಗ್ಗುತ್ತದೆ. ಹಿರಿಯರು ಅಂದೇ ಸಾಲದವರಿಗೆ ಬೇರೆ ಗಡುವು ಕೇಳಲು ಹೊರಟರು.